ದಡಾರ ರೋಗದ ರಕ್ತ ಪರೀಕ್ಷೆ: ಮಾದರಿಯನ್ನು ಯಾವ ದಿನ ತೆಗೆಯಬೇಕು?

ಜ್ವರದೊಂದಿಗೆ ಮೈಮೇಲೆ ಕೆಂಪು ದದ್ದು ಕಾಣಿಸಿಕೊಂಡ ಯಾವುದೇ ವಯಸ್ಸಿನ ವ್ಯಕ್ತಿಯನ್ನು ದಡಾರ ಅಥವಾ ರುಬೆಲ್ಲಾ ಶಂಕಿತ ಎಂದು ಪರಿಗಣಿಸಿ, ರಕ್ತದ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸುವ ವ್ಯವಸ್ಥೆಯು ದೇಶದಾದ್ಯಂತ ಜಾರಿಯಲ್ಲಿದೆ. ಈ ಕಾರ್ಯಕ್ರಮದಡಿ ಸರ್ಕಾರಿ ಆರೋಗ್ಯ ಕೇಂದ್ರಗಳ ಮೂಲಕ ನಡೆಯುವ ಪರೀಕ್ಷೆಗೆ ಶುಲ್ಕವಿರುವುದಿಲ್ಲ. ಆದರೆ ಈ ಪರೀಕ್ಷೆಯ ಫಲಿತಾಂಶವು ಪ್ರಯೋಗಾಲಯದ ಯಂತ್ರವನ್ನು ಮಾತ್ರ ಅವಲಂಬಿಸಿಲ್ಲ. ರಕ್ತವನ್ನು ರೋಗದ ಎಷ್ಟನೆಯ ದಿನ ತೆಗೆಯಲಾಯಿತು ಎಂಬುದನ್ನೂ ಅಷ್ಟೇ ಮಟ್ಟಿಗೆ ಅವಲಂಬಿಸಿದೆ. ಆ ದಿನವನ್ನು ಖಚಿತವಾಗಿ ಹೇಳಬಲ್ಲವರು ರೋಗಿಯ ಮನೆಯವರು ಮಾತ್ರ. ಆದ್ದರಿಂದ ಪರೀಕ್ಷೆಯನ್ನು ಕೋರುವ ಸಾರ್ವಜನಿಕರು ಈ ಕೆಳಗಿನ ವಿಷಯಗಳನ್ನು ಅರಿತಿರುವುದು ಅವಶ್ಯಕ.

ಪರೀಕ್ಷೆಯಲ್ಲಿ ಹುಡುಕುವುದೇನು?

ದಡಾರವನ್ನು ಉತ್ತರ ಕರ್ನಾಟಕದ ಕೆಲವು ಭಾಗಗಳಲ್ಲಿ ಗೊಬ್ಬರ ಎಂದೂ, ಅನೇಕ ಹಳ್ಳಿಗಳಲ್ಲಿ ಸಿಡುಬಿನಂತೆಯೇ 'ಅಮ್ಮ' ಎಂದೂ ಕರೆಯುವ ರೂಢಿಯಿದೆ. ಇದು ವೈರಾಣುವಿನಿಂದ ಉಂಟಾಗಿ ಉಸಿರಿನ ಮೂಲಕ ಹರಡುವ ರೋಗ. ವೈರಾಣು ದೇಹವನ್ನು ಸೇರಿದ ಸುಮಾರು 10 ದಿನಗಳ ನಂತರ ಜ್ವರ, ಕೆಮ್ಮು, ನೆಗಡಿ ಹಾಗೂ ಕಣ್ಣು ಕೆಂಪಾಗುವಿಕೆ ಆರಂಭವಾಗುತ್ತದೆ. ಇನ್ನೂ ಮೂರು ನಾಲ್ಕು ದಿನಗಳ ಬಳಿಕ ದದ್ದು ಮೊದಲು ಕಿವಿಯ ಹಿಂಭಾಗದಲ್ಲಿ ಮತ್ತು ಮುಖದ ಮೇಲೆ ಮೂಡಿ, ಅಲ್ಲಿಂದ ಎದೆ, ಹೊಟ್ಟೆ, ಕೈಕಾಲುಗಳಿಗೆ ಇಳಿಯುತ್ತದೆ.

ಪ್ರಯೋಗಾಲಯದ ಸಾಮಾನ್ಯ ಪರೀಕ್ಷೆಯು ರಕ್ತದಲ್ಲಿ ವೈರಾಣುವನ್ನು ಹುಡುಕುವುದಿಲ್ಲ. ವೈರಾಣುವನ್ನು ಎದುರಿಸಲು ದೇಹವು ತಯಾರಿಸುವ ಪ್ರತಿಕಾಯಗಳನ್ನು ಹುಡುಕುತ್ತದೆ. ಇವುಗಳಲ್ಲಿ ಎರಡು ಬಗೆಗಳು ಮುಖ್ಯವಾದವು. ಐಜಿಎಂ ಎಂಬುದು ಸೋಂಕು ತಗುಲಿದಾಗ ಮೊದಲು ಹುಟ್ಟಿ, ಕೆಲವು ವಾರಗಳಲ್ಲಿ ಕರಗಿಹೋಗುವ ಪ್ರತಿಕಾಯ. ಐಜಿಜಿ ಎಂಬುದು ತುಸು ತಡವಾಗಿ ಹುಟ್ಟಿ, ಬಹುಮಟ್ಟಿಗೆ ಜೀವನಪರ್ಯಂತ ಉಳಿಯುವ ಪ್ರತಿಕಾಯ. ಐಜಿಜಿ ಇದ್ದ ಮಾತ್ರಕ್ಕೆ ಈಗ ರೋಗ ಬಂದಿದೆ ಎನ್ನಲಾಗದು. ಹಿಂದೆಂದೋ ಬಂದ ರೋಗದಿಂದಲೋ, ಹಾಕಿಸಿದ ಲಸಿಕೆಯಿಂದಲೋ ಅದು ಇರಬಹುದು. ಹಸುಗೂಸುಗಳಲ್ಲಂತೂ ಗರ್ಭದಲ್ಲಿದ್ದಾಗ ತಾಯಿಯಿಂದ ದಾಟಿ ಬಂದ ಐಜಿಜಿ ಕೆಲವು ತಿಂಗಳುಗಳ ಕಾಲ ಇದ್ದೇ ಇರುತ್ತದೆ. ಐಜಿಎಂ ಮಾತ್ರ ತಾಯಿಯಿಂದ ಮಗುವಿಗೆ ದಾಟುವುದಿಲ್ಲ. ಆದುದರಿಂದ ಈಗಿನ ರೋಗವನ್ನು ದೃಢಪಡಿಸಲು ಐಜಿಎಂ ಪ್ರತಿಕಾಯವನ್ನೇ ಎಲೈಸಾ ವಿಧಾನದಿಂದ ಪರೀಕ್ಷಿಸಲಾಗುತ್ತದೆ.

ಈ ಎರಡನೆಯ ಪ್ರತಿಕಾಯದ ದೀರ್ಘಾಯುಷ್ಯವು ಪ್ರಯೋಗಾಲಯಗಳು ಹುಟ್ಟುವುದಕ್ಕೂ ಮೊದಲೇ ಅದರ ಪರಿಣಾಮದಿಂದ ಗೋಚರವಾಗಿತ್ತು. 1846ರಲ್ಲಿ ಉತ್ತರ ಅಟ್ಲಾಂಟಿಕ್ ಸಾಗರದ ಫೇರೋ ದ್ವೀಪಗಳಿಗೆ ದಡಾರ ತಗುಲಿ, 7,782 ನಿವಾಸಿಗಳಲ್ಲಿ ಸುಮಾರು 6,000 ಮಂದಿ ಹಾಸಿಗೆ ಹಿಡಿದರು. ಅಲ್ಲಿಗೆ ಕಳುಹಿಸಲ್ಪಟ್ಟ ಡೆನ್ಮಾರ್ಕಿನ ತರುಣ ವೈದ್ಯ ಪೀಟರ್ ಪಾನುಮ್ ಅವರು ಹಳ್ಳಿಯಿಂದ ಹಳ್ಳಿಗೆ ತೆರಳಿ, ಯಾರು ಯಾವ ದಿನ ರೋಗಿಯನ್ನು ಸಂಧಿಸಿದರು, ಯಾವ ದಿನ ದದ್ದು ಎದ್ದಿತು ಎಂಬುದನ್ನು ಬರೆದಿಟ್ಟರು. ಸಂಪರ್ಕಕ್ಕೂ ದದ್ದಿಗೂ ನಡುವೆ 13ರಿಂದ 14 ದಿನಗಳ ಅಂತರವಿರುವುದು ಹಾಗೂ 1781ರಲ್ಲಿ ಅದೇ ದ್ವೀಪಗಳಲ್ಲಿ ದಡಾರ ಬಂದುಹೋಗಿದ್ದ ವೃದ್ಧರಿಗೆ 65 ವರ್ಷಗಳ ನಂತರವೂ ರೋಗ ತಗುಲದಿರುವುದು ಆ ದಿನಾಂಕಗಳಿಂದ ಸ್ಪಷ್ಟವಾಯಿತು. ಇಂದಿಗೂ ಆರೋಗ್ಯ ಕಾರ್ಯಕರ್ತೆಯು ಮನೆಬಾಗಿಲಿಗೆ ಬಂದು ಮೊದಲು ಕೇಳುವ ಪ್ರಶ್ನೆ ದದ್ದಿನ ದಿನಾಂಕವೇ ಆಗಿದೆ.

ಮೊದಲ ಮೂರು ದಿನಗಳ ತೊಡಕು

ಐಜಿಎಂ ಪ್ರತಿಕಾಯವು ದದ್ದು ಮೂಡುವ ವೇಳೆಗೆ ರಕ್ತದಲ್ಲಿ ತಲೆದೋರಲು ತೊಡಗುತ್ತದೆಯಾದರೂ, ಎಲ್ಲರಲ್ಲಿಯೂ ಒಂದೇ ವೇಗದಲ್ಲಿ ಏರುವುದಿಲ್ಲ. ದದ್ದು ಕಾಣಿಸಿಕೊಂಡ ಮೊದಲ 72 ಗಂಟೆಗಳ ಒಳಗೆ ರಕ್ತ ತೆಗೆದಲ್ಲಿ, ನಿಜವಾಗಿಯೂ ದಡಾರವಿರುವ ರೋಗಿಗಳ ಪೈಕಿ ಶೇಕಡಾ 20ರಿಂದ 30ರಷ್ಟು ಮಂದಿಯಲ್ಲಿ ಪ್ರತಿಕಾಯವು ಪರೀಕ್ಷೆಗೆ ಸಿಗುವಷ್ಟು ಇರುವುದಿಲ್ಲ. ವರದಿಯು 'ಋಣಾತ್ಮಕ' ಎಂದು ಬರುತ್ತದೆ. ನಾಲ್ಕನೆಯ ದಿನದಿಂದ ಮುಂದಕ್ಕೆ, ಲಸಿಕೆ ಪಡೆಯದ ಬಹುತೇಕ ಎಲ್ಲ ರೋಗಿಗಳಲ್ಲಿಯೂ ಇದು ದೊರೆಯುತ್ತದೆ. ಒಂದರಿಂದ ಎರಡು ವಾರಗಳ ಅವಧಿಯಲ್ಲಿ ಪ್ರಮಾಣವು ಅತ್ಯಧಿಕವಾಗಿದ್ದು, ಅನಂತರ ಇಳಿಯುತ್ತಾ ಹೋಗುತ್ತದೆ. ಆದರೂ 28 ದಿನಗಳವರೆಗೆ ಪರೀಕ್ಷೆಯಲ್ಲಿ ಕಂಡುಬರುವಷ್ಟು ಉಳಿದಿರುತ್ತದೆ ಎಂಬ ಆಧಾರದ ಮೇಲೆ, ದದ್ದು ಮೂಡಿದ 28 ದಿನಗಳ ಒಳಗೆ ತೆಗೆದ ಮಾದರಿಯನ್ನು ಪರೀಕ್ಷೆಗೆ ಯೋಗ್ಯವೆಂದು ಸ್ವೀಕರಿಸಲಾಗುತ್ತದೆ. ಅವಧಿ ಮೀರಿದ ನಂತರ ಬಂದ ಋಣಾತ್ಮಕ ವರದಿಯಿಂದ ಏನನ್ನೂ ನಿರ್ಧರಿಸಲಾಗದು.

ಹೀಗಾಗಿ ಮೊದಲ ಮೂರು ದಿನಗಳಲ್ಲಿ ತೆಗೆದ ಮಾದರಿಯು ಧನಾತ್ಮಕವಾಗಿ ಬಂದರೆ ಅದಕ್ಕೆ ಬೆಲೆಯುಂಟು. ಋಣಾತ್ಮಕವಾಗಿ ಬಂದರೆ ಅದು ರೋಗವಿಲ್ಲವೆಂಬುದಕ್ಕೆ ಪ್ರಮಾಣವಲ್ಲ. ಅಂತಹ ಸಂದರ್ಭದಲ್ಲಿ ನಾಲ್ಕನೆಯ ದಿನದ ನಂತರ, 28 ದಿನಗಳ ಒಳಗೆ, ಎರಡನೆಯ ಮಾದರಿಯನ್ನು ನೀಡಬೇಕಾಗುತ್ತದೆ. 'ಅನಿಶ್ಚಿತ' ಎಂಬ ವರದಿ ಬಂದಾಗಲೂ ಇದೇ ಕ್ರಮ ಅನ್ವಯಿಸುತ್ತದೆ. ಎರಡನೆಯ ಬಾರಿ ರಕ್ತ ಕೇಳಿದಾಗ, ಮೊದಲನೆಯದನ್ನು ಕಳೆದುಹಾಕಿರಬೇಕು ಅಥವಾ ಕೆಡಿಸಿರಬೇಕು ಎಂದು ಪೋಷಕರು ಸಂದೇಹಪಡುವುದು ಸಹಜ. ಆದರೆ ಬಹುಮಟ್ಟಿಗೆ ಕಾರಣ ಅದಲ್ಲ. ಮೊದಲ ಮಾದರಿಯು ದೇಹವು ಉತ್ತರಿಸುವುದಕ್ಕೂ ಮುಂಚೆ ಕೇಳಿದ ಪ್ರಶ್ನೆಯಾಗಿರುತ್ತದೆ.

ಹಾಗಾದರೆ ನಾಲ್ಕನೆಯ ದಿನದವರೆಗೆ ಕಾಯುವುದೇ ಲೇಸಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಕುಟುಂಬವು ಒಂದೇ ಊರಿನಲ್ಲಿದ್ದು, ಕಾರ್ಯಕರ್ತೆಯು ಪುನಃ ಭೇಟಿ ನೀಡುವುದು ಖಚಿತವಿದ್ದರೆ ನಾಲ್ಕನೆಯ ದಿನದ ನಂತರದ ಒಂದೇ ಮಾದರಿ ಸಾಕಾಗುತ್ತದೆ; ಮಗುವಿಗೆ ಎರಡು ಬಾರಿ ಸೂಜಿ ಚುಚ್ಚುವುದು ತಪ್ಪುತ್ತದೆ. ಆದರೆ ರೋಗಿಯು ಮತ್ತೆ ಸಿಗುವ ಭರವಸೆಯಿಲ್ಲದಿದ್ದಲ್ಲಿ ಸಿಕ್ಕ ದಿನವೇ ಮಾದರಿ ತೆಗೆಯುವುದು ಸರಿಯಾದ ಕ್ರಮ. ಬೇಗ ತೆಗೆದ ಮಾದರಿಯಲ್ಲಿಯೂ ಹತ್ತರಲ್ಲಿ ಏಳೆಂಟು ರೋಗಿಗಳ ರೋಗ ದೃಢಪಡುತ್ತದೆ. ತೆಗೆಯದೇ ಹೋದ ಮಾದರಿಯಲ್ಲಿ ಒಬ್ಬರದೂ ದೃಢಪಡುವುದಿಲ್ಲ.

ದಿನವನ್ನು ಎಣಿಸುವ ಬಗೆ

ಎಣಿಕೆಯು ಜ್ವರ ಬಂದ ದಿನದಿಂದಲ್ಲ, ದದ್ದು ಮೊದಲು ಕಂಡ ದಿನದಿಂದ ಆರಂಭವಾಗುತ್ತದೆ. ವ್ಯವಹಾರದಲ್ಲಿ ಅತಿ ಹೆಚ್ಚು ಗೊಂದಲ ಉಂಟಾಗುವುದು ಇಲ್ಲಿಯೇ. ಉದಾಹರಣೆಗೆ, ಮಗುವೊಂದಕ್ಕೆ ಜನವರಿ 14ರಂದು ಜ್ವರ ಬಂದು, 17ರಂದು ಕಿವಿಯ ಹಿಂದೆ ದದ್ದು ಕಂಡಿತೆಂದು ಭಾವಿಸೋಣ. 18ರಂದು ರಕ್ತ ತೆಗೆಯುವಾಗ "ಎಷ್ಟು ದಿನವಾಯಿತು?" ಎಂದು ಕೇಳಿದರೆ ಮನೆಯವರು "ನಾಲ್ಕು ದಿನವಾಯಿತು" ಎನ್ನುತ್ತಾರೆ. ಜ್ವರದ ಲೆಕ್ಕದಲ್ಲಿ ಅದು ಸತ್ಯವೇ ಸರಿ. ಆದರೆ ದದ್ದಿನ ಲೆಕ್ಕದಲ್ಲಿ ಅದು ಒಂದನೆಯ ದಿನ ಮಾತ್ರ. ನಮೂನೆಯಲ್ಲಿ ನಾಲ್ಕು ದಿನವೆಂದು ಬರೆದುಕೊಂಡಲ್ಲಿ, ಬಂದ ಋಣಾತ್ಮಕ ವರದಿಯನ್ನು ಅಂತಿಮವೆಂದು ತಿಳಿದು ಪ್ರಕರಣವನ್ನು ಕೈಬಿಡುವ ಅಪಾಯವಿದೆ. ಇದೇ ಮಗುವಿನ ವಿಷಯದಲ್ಲಿ ಮಾದರಿಗೆ ತಕ್ಕ ಅವಧಿಯು ಜನವರಿ 21ರಿಂದ ಫೆಬ್ರವರಿ 14ರವರೆಗೆ ಇರುತ್ತದೆ.

ಆದುದರಿಂದ 'ಇಷ್ಟು ದಿನವಾಯಿತು' ಎನ್ನುವುದಕ್ಕೆ ಬದಲಾಗಿ ಜ್ವರದ ದಿನಾಂಕ ಮತ್ತು ದದ್ದಿನ ದಿನಾಂಕ ಎರಡನ್ನೂ ಬೇರೆ ಬೇರೆಯಾಗಿ ತಿಳಿಸುವುದು ಒಳಿತು. ದಿನಾಂಕ ನೆನಪಿಲ್ಲದಿದ್ದಲ್ಲಿ ಸಂತೆಯ ದಿನ, ಹಬ್ಬ, ಅಮಾವಾಸ್ಯೆ ಅಥವಾ ಮಗು ಶಾಲೆಗೆ ಹೋಗದ ಮೊದಲ ದಿನವನ್ನು ಹೇಳಿದರೂ ಆಗುತ್ತದೆ. ಕಾರ್ಯಕರ್ತೆಯರು ಅದನ್ನು ದಿನಾಂಕಕ್ಕೆ ಹೊಂದಿಸಿಕೊಳ್ಳುತ್ತಾರೆ. ಕಪ್ಪು ಮೈಬಣ್ಣದ ಮಕ್ಕಳಲ್ಲಿ ಮೊದಲ ದಿನದ ದದ್ದು ಕಣ್ಣಿಗೆ ಬೀಳದೇ ಹೋಗಬಹುದು. ಅಂತಹವರಲ್ಲಿ ಕಿವಿಯ ಹಿಂಭಾಗ ಹಾಗೂ ಕೂದಲಿನ ಅಂಚನ್ನು ಬೆಳಕಿನಲ್ಲಿ ನೋಡುವುದು ಉಪಯುಕ್ತ. ದದ್ದು ಕಂಡ ದಿನವೇ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟರೆ ಮುಂದಿನ ಗೊಂದಲವೇ ಇರುವುದಿಲ್ಲ.

ತಡವಾಗುವುದಕ್ಕೆ ಇನ್ನೊಂದು ಕಾರಣವೂ ಇದೆ. ಮೈಮೇಲೆ ಅಮ್ಮ ಬಂದಿರುವಾಗ ಸೂಜಿ ಚುಚ್ಚಬಾರದು, ಹೊರಗಿನವರು ಮನೆಗೆ ಬರಬಾರದು ಎಂಬ ನಂಬಿಕೆಯಿಂದ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ನೀರು ಹಾಕುವ ಶಾಸ್ತ್ರ ಮುಗಿಯುವವರೆಗೂ ವಿಷಯವನ್ನು ಹೊರಗೆ ಹೇಳದಿರುವ ಮನೆಗಳಿವೆ. ರೋಗಿಯನ್ನು ಪ್ರತ್ಯೇಕವಾಗಿರಿಸುವ ಅಂಶದಲ್ಲಿ ಈ ಆಚರಣೆ ವೈದ್ಯಕೀಯ ಸಲಹೆಗೆ ವಿರುದ್ಧವಾದುದಲ್ಲ. ರಕ್ತದ ಮಾದರಿಗೆ 28 ದಿನಗಳ ಕಾಲಾವಕಾಶವಿರುವುದರಿಂದ ಶಾಸ್ತ್ರ ಮುಗಿದ ನಂತರವೂ ಮಾದರಿಯನ್ನು ನೀಡಬಹುದು. ಆದರೆ ಚಿಕಿತ್ಸೆಯನ್ನು ಮಾತ್ರ ಅಲ್ಲಿಯವರೆಗೆ ಮುಂದೂಡಲಾಗದು.

ಚಿಕಿತ್ಸೆಯು ವರದಿಗಾಗಿ ಕಾಯುವುದಿಲ್ಲ

ದಡಾರದ ಶಂಕೆಯಿರುವ ಮಗುವಿಗೆ ಎ ಅನ್ನಾಂಗದ ಎರಡು ಪ್ರಮಾಣಗಳನ್ನು ಮೊದಲ ದಿನ ಮತ್ತು ಮರುದಿನ ನೀಡಲಾಗುತ್ತದೆ. ಪ್ರತಿ ಬಾರಿಯ ಪ್ರಮಾಣವು ಆರು ತಿಂಗಳೊಳಗಿನ ಶಿಶುವಿಗೆ 50,000 ಘಟಕ, 6ರಿಂದ 11 ತಿಂಗಳಿನ ಶಿಶುವಿಗೆ 1 ಲಕ್ಷ ಘಟಕ ಹಾಗೂ ಒಂದು ವರ್ಷ ತುಂಬಿದವರಿಗೆ 2 ಲಕ್ಷ ಘಟಕಗಳಾಗಿದ್ದು, ಇದನ್ನು ಆರೋಗ್ಯ ಸಿಬ್ಬಂದಿಯಿಂದಲೇ ಪಡೆಯತಕ್ಕದ್ದು. ಇದು ಕಣ್ಣಿನ ಹಾನಿಯನ್ನೂ ಸಾವಿನ ಸಂಭವವನ್ನೂ ತಗ್ಗಿಸುತ್ತದೆ. ಉಸಿರಾಟದ ವೇಗ ಹೆಚ್ಚಿದರೆ, ಮಗು ಹಾಲು ನೀರು ಕುಡಿಯದಿದ್ದರೆ, ಬೇಧಿ ನಿಲ್ಲದಿದ್ದರೆ, ಫಿಟ್ಸ್ ಬಂದರೆ ಅಥವಾ ಎಚ್ಚರ ತಪ್ಪಿದರೆ ದಿನಗಳ ಎಣಿಕೆಯನ್ನು ಬದಿಗಿಟ್ಟು ಆ ಕ್ಷಣವೇ ಆಸ್ಪತ್ರೆಗೆ ಕೊಂಡೊಯ್ಯತಕ್ಕದ್ದು. ಈ ಪುಟದಲ್ಲಿ ಹೇಳಿರುವ 'ನಾಲ್ಕನೆಯ ದಿನ' ಎಂಬುದು ರಕ್ತದ ಮಾದರಿಗೆ ಮಾತ್ರ ಸಂಬಂಧಿಸಿದ್ದು, ವೈದ್ಯರ ಭೇಟಿಗೆ ಅಲ್ಲ.

ದದ್ದು ಮೂಡುವ ನಾಲ್ಕು ದಿನ ಮುಂಚಿನಿಂದ ಮೂಡಿದ ನಾಲ್ಕು ದಿನಗಳ ನಂತರದವರೆಗೆ ರೋಗಿಯಿಂದ ಇತರರಿಗೆ ಸೋಂಕು ಹರಡುತ್ತದೆ. ರೋಗಿಯು ಎದ್ದುಹೋದ ಮೇಲೂ ಎರಡು ಗಂಟೆಗಳವರೆಗೆ ವೈರಾಣು ಆ ಕೋಣೆಯ ಗಾಳಿಯಲ್ಲಿ ಉಳಿಯಬಲ್ಲದು. ಆದ್ದರಿಂದ ಆಸ್ಪತ್ರೆಗೆ ಬರುವ ಮುನ್ನ ಆಶಾ ಕಾರ್ಯಕರ್ತೆಗೆ ಅಥವಾ ಕೇಂದ್ರಕ್ಕೆ ವಿಷಯ ತಿಳಿಸಿ, ಲಸಿಕೆಗಾಗಿ ಬಂದ ಹಸುಗೂಸುಗಳು ಹಾಗೂ ಗರ್ಭಿಣಿಯರು ಕುಳಿತ ಸಾಲಿನಲ್ಲಿ ಮಗುವನ್ನು ಕೂರಿಸದಿರಲು ಕೋರಲಾಗಿದೆ. ಮನೆಯಲ್ಲಿ ಅಥವಾ ನೆರೆಯಲ್ಲಿ ಲಸಿಕೆ ಬಾಕಿಯಿರುವ ಮಕ್ಕಳಿದ್ದರೆ, ರೋಗಿಯ ಸಂಪರ್ಕವಾದ 72 ಗಂಟೆಗಳ ಒಳಗೆ ಹಾಕಿಸಿದ ಲಸಿಕೆಯು ರೋಗವನ್ನು ತಡೆಯುವ ಸಾಧ್ಯತೆಯಿದೆ. ಈ 72 ಗಂಟೆಗಳಿಗೂ ರಕ್ತದ ಮಾದರಿಯ 72 ಗಂಟೆಗಳಿಗೂ ಸಂಬಂಧವಿಲ್ಲ. ಒಂದು ರೋಗಿಯದು, ಇನ್ನೊಂದು ರೋಗಿಯ ಹತ್ತಿರ ಸುಳಿದ ಆರೋಗ್ಯವಂತ ಮಗುವಿನದು.

ಗಂಟಲಿನ ಮಾದರಿ

ರಕ್ತವು ಉತ್ತರ ಕೊಡಲಾರದ ಆ ಮೊದಲ ದಿನಗಳಲ್ಲಿಯೇ ವೈರಾಣುವು ಗಂಟಲಿನಲ್ಲಿ ಹೇರಳವಾಗಿರುತ್ತದೆ. ಹತ್ತಿಯ ಕಡ್ಡಿಯಿಂದ ಗಂಟಲಿನ ದ್ರವವನ್ನು ತೆಗೆದು ಪಿಸಿಆರ್ ವಿಧಾನದಿಂದ ವೈರಾಣುವನ್ನೇ ನೇರವಾಗಿ ಪತ್ತೆಹಚ್ಚಬಹುದು. ಇದಕ್ಕೆ ದದ್ದು ಮೂಡಿದ ಮೊದಲ ಐದು ದಿನಗಳು ಅತ್ಯುತ್ತಮ. ಅನಂತರ ಫಲ ದೊರೆಯುವ ಸಂಭವ ಕಡಿಮೆಯಾಗುತ್ತಾ ಹೋಗುತ್ತದೆ. ಹೀಗೆ ಒಂದು ಪರೀಕ್ಷೆಗೆ ಬೇಗ ಬರುವುದು ಲಾಭ, ಇನ್ನೊಂದಕ್ಕೆ ತುಸು ತಾಳುವುದು ಲಾಭ. ಕೆಲವರಲ್ಲಿ ಎರಡನ್ನೂ ಒಟ್ಟಿಗೆ ತೆಗೆಯುವುದಕ್ಕೆ ಕಾರಣ ಇದೇ. ಕೋವಿಡ್ ಕಾಲದಲ್ಲಿ ಜನರಿಗೆ ಪರಿಚಿತವಾದ ಕಡ್ಡಿಯ ಪರೀಕ್ಷೆಯಂತೆಯೇ ಇದೂ ಇರುತ್ತದೆ, ಭಯಪಡುವ ಅಗತ್ಯವಿಲ್ಲ.

ಈ ಹಿಂದೆ ಲಸಿಕೆ ಪಡೆದಿದ್ದೂ ರೋಗ ತಗುಲಿದ ವ್ಯಕ್ತಿಗಳಲ್ಲಿ ಗಂಟಲಿನ ಮಾದರಿಗೆ ವಿಶೇಷ ಮಹತ್ವವಿದೆ. ಅಂತಹವರ ದೇಹವು ವೈರಾಣುವನ್ನು ಈಗಾಗಲೇ ಬಲ್ಲದಾದ್ದರಿಂದ ಐಜಿಜಿಯನ್ನು ಶೀಘ್ರವಾಗಿ ಹೆಚ್ಚಿಸುತ್ತದೆ. ಐಜಿಎಂ ಕ್ಷೀಣವಾಗಿರಬಹುದು ಅಥವಾ ಕಾಣಿಸದೆಯೂ ಇರಬಹುದು. ಅವರಲ್ಲಿ ಸರಿಯಾದ ದಿನ ತೆಗೆದ ರಕ್ತವೂ ಋಣಾತ್ಮಕವಾಗಬಹುದು. ಅಗತ್ಯವೆನಿಸಿದಲ್ಲಿ ಎರಡು ವಾರಗಳ ಅಂತರದಲ್ಲಿ ಎರಡು ಬಾರಿ ರಕ್ತ ತೆಗೆದು ಐಜಿಜಿಯ ಪ್ರಮಾಣವು ನಾಲ್ಕು ಪಟ್ಟು ಅಥವಾ ಹೆಚ್ಚು ಏರಿದೆಯೇ ಎಂದು ನೋಡುವ ವಿಧಾನವೂ ಇದೆ.

ಲಸಿಕೆಯ ದಿನಾಂಕ ಏಕೆ ಬೇಕು?

ಲಸಿಕೆಯಲ್ಲಿರುವುದು ದುರ್ಬಲಗೊಳಿಸಿದ ಜೀವಂತ ವೈರಾಣು. ಅದನ್ನು ಹಾಕಿಸಿದಾಗಲೂ ದೇಹವು ಐಜಿಎಂ ಪ್ರತಿಕಾಯವನ್ನು ತಯಾರಿಸುತ್ತದೆ. ಕೆಲವು ಮಕ್ಕಳಿಗೆ ಲಸಿಕೆ ಪಡೆದ ಒಂದರಿಂದ ಎರಡು ವಾರಗಳಲ್ಲಿ ಅಲ್ಪ ಜ್ವರ ಹಾಗೂ ತೆಳುವಾದ ದದ್ದು ಬರುವುದುಂಟು. ಕಳೆದ ಆರು ವಾರಗಳಲ್ಲಿ ಲಸಿಕೆ ಪಡೆದ ಮಗುವಿನ ರಕ್ತದಲ್ಲಿ ಐಜಿಎಂ ದೊರೆತರೆ ಅದು ರೋಗದಿಂದಲೋ ಲಸಿಕೆಯಿಂದಲೋ ಎಂದು ಪ್ರತಿಕಾಯ ಪರೀಕ್ಷೆಯು ಹೇಳಲಾರದು. ಗಂಟಲಿನ ಮಾದರಿಯಲ್ಲಿ ಸಿಕ್ಕ ವೈರಾಣುವಿನ ತಳಿಯನ್ನು ನೋಡಿದರೆ ಮಾತ್ರ ಭೇದ ತಿಳಿಯುತ್ತದೆ: ಲಸಿಕೆಯ ವೈರಾಣು ಎ ತಳಿಗೆ ಸೇರಿದ್ದು, ಭಾರತದಲ್ಲಿ ಹರಡಿರುವ ವೈರಾಣುಗಳು ಡಿ4, ಡಿ8 ಮುಂತಾದ ತಳಿಗಳಿಗೆ ಸೇರಿವೆ.

ಆದ್ದರಿಂದ ಮಾದರಿ ನೀಡಲು ಬರುವಾಗ ತಾಯಿ ಕಾರ್ಡನ್ನು ತಪ್ಪದೇ ತರತಕ್ಕದ್ದು. 'ಎಲ್ಲ ಲಸಿಕೆಯೂ ಆಗಿದೆ' ಎಂಬ ಮಾತಿಗಿಂತ ಕಾರ್ಡಿನಲ್ಲಿರುವ ದಿನಾಂಕಕ್ಕೆ ಬೆಲೆ ಹೆಚ್ಚು. ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ದಡಾರ ಲಸಿಕೆಯು 1985ರಿಂದಲೂ ಇದ್ದು, ಎರಡನೆಯ ಡೋಸ್ 2010ರಿಂದ ಸೇರ್ಪಡೆಯಾಯಿತು. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕಾ ಅಭಿಯಾನವನ್ನು ಮೊದಲು ಆರಂಭಿಸಿದ ಪ್ರದೇಶಗಳಲ್ಲಿ ಕರ್ನಾಟಕವೂ ಒಂದು. 9 ತಿಂಗಳಿನಿಂದ 15 ವರ್ಷದೊಳಗಿನ ಮಕ್ಕಳು ಆಗ ಶಾಲೆಗಳಲ್ಲಿಯೂ ಅಂಗನವಾಡಿಗಳಲ್ಲಿಯೂ ಲಸಿಕೆ ಪಡೆದರು. ಈ ಅಭಿಯಾನದ ಡೋಸ್ ಅನೇಕರ ತಾಯಿ ಕಾರ್ಡಿನಲ್ಲಿ ನಮೂದಾಗಿರಲಾರದು; ನೆನಪಿದ್ದಲ್ಲಿ ಬಾಯಿಮಾತಿನಲ್ಲಿ ತಿಳಿಸಬೇಕು. ಇಂದು 9ರಿಂದ 12 ತಿಂಗಳ ಅವಧಿಯಲ್ಲಿ ಮೊದಲ ಡೋಸ್ ಹಾಗೂ 16ರಿಂದ 24 ತಿಂಗಳ ಅವಧಿಯಲ್ಲಿ ಎರಡನೆಯ ಡೋಸ್ ನೀಡಲಾಗುತ್ತಿದೆ.

ಗರ್ಭಿಣಿಯರು ಮತ್ತು ರುಬೆಲ್ಲಾ

ಒಂದೇ ರಕ್ತದ ಮಾದರಿಯಲ್ಲಿ ರುಬೆಲ್ಲಾ ಪ್ರತಿಕಾಯವನ್ನೂ ಪರೀಕ್ಷಿಸಲಾಗುತ್ತದೆ. ರುಬೆಲ್ಲಾ ಮಕ್ಕಳಲ್ಲಿ ಸೌಮ್ಯವಾದ ರೋಗ. ಗರ್ಭಧಾರಣೆಯ ಮೊದಲ ತಿಂಗಳುಗಳಲ್ಲಿ ತಗುಲಿದರೆ ಹುಟ್ಟುವ ಮಗುವಿಗೆ ಹೃದಯದ ದೋಷ, ಕಣ್ಣಿನ ಪೊರೆ, ಕಿವುಡುತನ ಉಂಟಾಗಬಹುದಾದ ಘೋರ ರೋಗವೂ ಹೌದು. ಇದರ ಐಜಿಎಂ ದಡಾರದ್ದಕ್ಕಿಂತಲೂ ನಿಧಾನವಾಗಿ ಏರುತ್ತದೆ: ದದ್ದು ಮೂಡಿದ ದಿನ ಅರ್ಧದಷ್ಟು ರೋಗಿಗಳಲ್ಲಿ ಮಾತ್ರ ದೊರೆತು, ಐದನೆಯ ದಿನದ ವೇಳೆಗೆ ಬಹುತೇಕ ಎಲ್ಲರಲ್ಲಿಯೂ ದೊರೆಯುತ್ತದೆ. ಗರ್ಭಿಣಿಗೆ ದದ್ದು ಕಂಡು, ಐದು ದಿನಗಳೊಳಗೆ ತೆಗೆದ ರಕ್ತವು ರುಬೆಲ್ಲಾಕ್ಕೆ ಋಣಾತ್ಮಕ ಎಂದು ಬಂದರೆ ಅಷ್ಟಕ್ಕೇ ನಿಶ್ಚಿಂತರಾಗದೆ ಮರುಪರೀಕ್ಷೆಯನ್ನು ಕೇಳಿ ಪಡೆಯತಕ್ಕದ್ದು. ಧನಾತ್ಮಕ ವರದಿ ಬಂದಾಗಲೂ ಅದನ್ನು ಕೈಯಲ್ಲಿ ಹಿಡಿದು ಸ್ವತಃ ತೀರ್ಮಾನಕ್ಕೆ ಬರುವುದು ಸರಿಯಲ್ಲ. ಅಪರೂಪಕ್ಕೆ ಬೇರೆ ವೈರಾಣುಗಳ ಸೋಂಕು ಅಥವಾ ರುಮಟಾಯ್ಡ್ ಅಂಶವೆಂಬ ರಕ್ತದಲ್ಲಿನ ವಸ್ತುವು ಪರೀಕ್ಷೆಯನ್ನು ದಾರಿ ತಪ್ಪಿಸುವುದುಂಟು. ತಜ್ಞ ವೈದ್ಯರು ಇನ್ನಷ್ಟು ಪರೀಕ್ಷೆಗಳೊಂದಿಗೆ ಹೋಲಿಸಿ ನೋಡುತ್ತಾರೆ.

ಮಾದರಿಯ ಪಯಣ ಹಾಗೂ ವರದಿ

ದೊಡ್ಡವರಿಂದ ಮತ್ತು ಬೆಳೆದ ಮಕ್ಕಳಿಂದ ಸುಮಾರು 5 ಮಿಲಿಲೀಟರ್, ಶಿಶುಗಳಿಂದ ಅದಕ್ಕಿಂತ ಕಡಿಮೆ ರಕ್ತವನ್ನು ತೆಗೆಯಲಾಗುತ್ತದೆ. ಬರಿಹೊಟ್ಟೆಯಲ್ಲಿ ಬರಬೇಕೆಂಬ ನಿಯಮವಿಲ್ಲ. ಜ್ವರದ ಮಗುವನ್ನು ಉಪವಾಸ ಕೆಡವಿ ಕರೆತರುವುದು ಸಲ್ಲದು. ರಕ್ತವು ಹೆಪ್ಪುಗಟ್ಟಿದ ಮೇಲೆ ತಿಳಿಯಾಗಿ ನಿಲ್ಲುವ ಸೀರಂ ಅನ್ನು ಬೇರ್ಪಡಿಸಿ, ಮಂಜುಗಡ್ಡೆಯ ಪೊಟ್ಟಣಗಳಿರುವ ಪೆಟ್ಟಿಗೆಯಲ್ಲಿಟ್ಟು ಕಳುಹಿಸಲಾಗುತ್ತದೆ. ರಕ್ತವನ್ನು ಬೇರ್ಪಡಿಸುವ ಮುನ್ನ ಹೆಪ್ಪುಗಟ್ಟುವ ಶೀತದಲ್ಲಿ ಇಡುವಂತಿಲ್ಲ. ಇಟ್ಟರೆ ರಕ್ತಕಣಗಳು ಒಡೆದು ಮಾದರಿ ಕೆಡುತ್ತದೆ. ಬೆಂಗಳೂರಿನಲ್ಲಿರುವ ರಾಷ್ಟ್ರೀಯ ವೈರಾಣು ಸಂಸ್ಥೆಯ ಘಟಕವು ವಿಶ್ವ ಆರೋಗ್ಯ ಸಂಸ್ಥೆಯ ಪೋಲಿಯೊ ಮತ್ತು ದಡಾರ ಪ್ರಯೋಗಾಲಯ ಜಾಲಕ್ಕೆ ಸೇರಿದೆ. ಈ ಜಾಲದ ಪ್ರಯೋಗಾಲಯಗಳು ಮಾದರಿ ತಲುಪಿದ ನಾಲ್ಕು ದಿನಗಳಲ್ಲಿ ಫಲಿತಾಂಶ ನೀಡಬೇಕೆಂಬುದು ನಿಗದಿತ ಮಾನದಂಡ. ಸಾಗಣೆಯ ಸಮಯ ಅದಕ್ಕೆ ಹೆಚ್ಚುವರಿ.

ವರದಿಯನ್ನು ಪಡೆದಾಗ ಫಲಿತಾಂಶದ ಸಾಲಿನ ಜೊತೆಗೆ, ದದ್ದು ಮೂಡಿದ ದಿನಾಂಕ ಮತ್ತು ಮಾದರಿ ತೆಗೆದ ದಿನಾಂಕ ಸರಿಯಾಗಿ ನಮೂದಾಗಿವೆಯೇ ಎಂಬುದನ್ನು ಮೊದಲು ನೋಡುವುದು ಉಚಿತ. ಇವೆರಡರ ನಡುವಿನ ಅಂತರ ಮೂರು ದಿನಗಳೋ ಅದಕ್ಕಿಂತ ಕಡಿಮೆಯೋ ಇದ್ದು ಫಲಿತಾಂಶ ಋಣಾತ್ಮಕವಾಗಿದ್ದರೆ, ಯಾರೂ ಹೇಳದಿದ್ದರೂ ಎರಡನೆಯ ಮಾದರಿಯ ಬಗ್ಗೆ ವೈದ್ಯಾಧಿಕಾರಿಗಳನ್ನು ವಿಚಾರಿಸಬಹುದು. ಖಾಸಗಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿದವರಿಗೂ ಇದು ಅನ್ವಯಿಸುತ್ತದೆ. ಒಂದು ಪ್ರದೇಶದಲ್ಲಿ ಹಲವಾರು ಮಕ್ಕಳಿಗೆ ಏಕಕಾಲದಲ್ಲಿ ರೋಗ ಬಂದು, ಐದರಿಂದ ಹತ್ತು ಮಂದಿಯ ರಕ್ತದಿಂದ ದಡಾರವೆಂದು ದೃಢಪಟ್ಟ ನಂತರ, ಉಳಿದವರನ್ನು ಅವರೊಂದಿಗಿನ ಸಂಪರ್ಕದ ಆಧಾರದ ಮೇಲೆಯೇ ರೋಗಿಗಳೆಂದು ಪರಿಗಣಿಸುವುದುಂಟು. ನೆರೆಮನೆಯ ಮಗುವಿನ ರಕ್ತ ತೆಗೆದು ತಮ್ಮ ಮಗುವಿನದನ್ನು ತೆಗೆಯಲಿಲ್ಲವೆಂದರೆ ಅದು ನಿರ್ಲಕ್ಷ್ಯವೆಂದು ಭಾವಿಸಬೇಕಾಗಿಲ್ಲ. ಚಿಕಿತ್ಸೆ ಮತ್ತು ಎ ಅನ್ನಾಂಗ ಎಲ್ಲರಿಗೂ ಸಮಾನವಾಗಿ ದೊರೆಯುತ್ತವೆ.

ಕಬ್ಬು ಕಡಿಯುವ ತಂಡಗಳು, ಕಟ್ಟಡ ಹಾಗೂ ಇಟ್ಟಿಗೆ ಗೂಡುಗಳ ಕಾರ್ಮಿಕರು ಮೊದಲಾಗಿ ಊರಿಂದೂರಿಗೆ ತೆರಳುವ ಕುಟುಂಬಗಳಲ್ಲಿ ಎರಡನೆಯ ಮಾದರಿಯ ದಿನ ಬರುವಷ್ಟರಲ್ಲಿ ಮಗು ಬೇರೆ ತಾಲ್ಲೂಕಿನಲ್ಲಿರುತ್ತದೆ. ಅಂತಹವರು ಹೊರಡುವ ಮುನ್ನ ಹೋಗಲಿರುವ ಊರಿನ ಹೆಸರನ್ನೂ ದೂರವಾಣಿ ಸಂಖ್ಯೆಯನ್ನೂ ಆಶಾ ಕಾರ್ಯಕರ್ತೆಗೆ ತಿಳಿಸಿ, ದದ್ದಿನ ದಿನಾಂಕ ಹಾಗೂ ಮೊದಲ ಮಾದರಿಯ ದಿನಾಂಕವನ್ನು ತಾಯಿ ಕಾರ್ಡಿನ ಮೇಲೆಯೇ ಬರೆಸಿಕೊಂಡು ಹೋದಲ್ಲಿ, ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 28 ದಿನಗಳ ಒಳಗೆ ಎರಡನೆಯ ಮಾದರಿಯನ್ನು ನೀಡಬಹುದಾಗಿದೆ.